ಇನ್ನೂರು ಮಿಲಿಸೆಕೆಂಡಿನ ತಾಳ್ಮೆ

ಬ್ಲಾಗಿಗೆ ಏನೂ ಬರೆಯದೆ ನಾಲ್ಕು ತಿಂಗಳಾಯಿತು. ಕೆಲಸ ಜಾಸ್ತಿ ಅನ್ನುವುದು ಹಳೇ ನೆಪ, ಅದನ್ನು ಮತ್ತೆ ಹೇಳುವುದಿಲ್ಲ. ಈ ಸಲ ಬರೆಯೋಣ ಅನ್ನಿಸಿದ್ದು ಒಂದು ರಾತ್ರಿಯಿಂದಾಗಿ. ಆ ರಾತ್ರಿ ಒಂದು ಪುಟ್ಟ ಸಂಖ್ಯೆ ನನ್ನನ್ನು ಚೆನ್ನಾಗಿ ಮಂಗ ಮಾಡಿತು. ಆಮೇಲೆ ಆ ಸಂಖ್ಯೆಯ ಜಾತಕ ಹುಡುಕುತ್ತಾ ಹೊರಟರೆ ಅದು ನಲವತ್ತು ವರ್ಷ ಹಿಂದಕ್ಕೆ ಕರೆದುಕೊಂಡು ಹೋಯಿತು. ಸಾಫ್ಟ್‌ವೇರಿನ ವಿಷಯ ಅಂತ ಓಡಿಹೋಗಬೇಡಿ, ನಡುವೆ ನಮ್ಮಜ್ಜನೂ ಬರುತ್ತಾನೆ :)

ನಾನು ಕೆಲಸ ಮಾಡುವ ಕಂಪನಿ (ಹೆಸರು ಬೇಡ) ಮನೆಮನೆಗೆ ಸಾಮಾನು ತಲುಪಿಸುವ ಹುಡುಗರ ಹಣದ ಲೆಕ್ಕ ಮಾಡುತ್ತದೆ. ಯಾರು ಎಷ್ಟು ಟ್ರಿಪ್ ಹೊಡೆದರು, ಎಷ್ಟು ಕಿಲೋಮೀಟರ್ ಓಡಿದರು, ಮಳೆಯಲ್ಲಿ ಓಡಿದ್ದಕ್ಕೆ ಎಷ್ಟು ಹೆಚ್ಚುವರಿ, ಎಲ್ಲವೂ ಸಂದೇಶಗಳಾಗಿ ಬಂದು ಕಾಫ್ಕಾ ಅನ್ನುವ ವ್ಯವಸ್ಥೆಯೊಳಗೆ ಸಾಲಾಗಿ ಕೂರುತ್ತವೆ. ಲೆಕ್ಕದ ಪ್ರೋಗ್ರಾಮು ಅವನ್ನು ವರಸೆಯಾಗಿ ಓದಿ ಕೂಡಿಸುತ್ತದೆ. ಒಂದು ತಿಂಗಳು ನಮ್ಮ ತಪ್ಪಿನಿಂದ ಮಳೆಯ ಹೆಚ್ಚುವರಿ ಹಣ ಬಿಟ್ಟುಹೋಗಿತ್ತು. ಪ್ರೋಗ್ರಾಮು ತಿದ್ದಿ, ಇಡೀ ತಿಂಗಳ ಸಂದೇಶಗಳನ್ನು ಮೊದಲಿನಿಂದ ಓದಿಸಿ, ಶನಿವಾರ ಬೆಳಿಗ್ಗೆಯೊಳಗೆ ಬಾಕಿ ಹಾಕುತ್ತೇವೆ ಅಂತ ಎಲ್ಲರಿಗೂ ಮಾತು ಕೊಟ್ಟಿದ್ದೆವು. ಶುಕ್ರವಾರ ರಾತ್ರಿಯ ಪಾಳಿ ನನ್ನದು.

ಹನ್ನೊಂದಕ್ಕೆ ಶುರು ಮಾಡಿದೆ. ಸ್ವಲ್ಪ ಹೊತ್ತು ಗ್ರಾಫ್ ಚೆನ್ನಾಗಿಯೇ ಏರಿತು. ಆಮೇಲೆ ಅಡಿಕೆ ಚಪ್ಪರದ ಹಾಗೆ ಸಪಾಟಾಗಿ ನಿಂತುಬಿಟ್ಟಿತು. ತಮಾಷೆ ಅಂದರೆ ಎಲ್ಲೂ ಎರರ್ ಇಲ್ಲ. ನನ್ನ ಪ್ರೋಗ್ರಾಮು ಕೇಳುತ್ತಿದೆ, ಉತ್ತರವೂ ಬರುತ್ತಿದೆ, ಆದರೆ ಉತ್ತರದ ಒಳಗೆ ಏನೂ ಇಲ್ಲ. ಹಳೆಯ ಸಂದೇಶಗಳನ್ನು ಇಟ್ಟಿದ್ದ ದೂರದ ಸ್ಟೋರೇಜ್ ಸತ್ತಿದೆ ಅಂತ ತೀರ್ಮಾನ ಮಾಡಿದೆ. ಅದನ್ನು ನಡೆಸುವವರಿಗೆ ದೂರು ಬರೆದೆ. ಪ್ರೋಗ್ರಾಮನ್ನು ಮೂರು ಸಲ ನಿಲ್ಲಿಸಿ ಎಬ್ಬಿಸಿದೆ. ಓದುವವರು ಕಡಿಮೆಯಾದರೇನೋ ಅಂತ ನಾಲ್ಕು ಪಟ್ಟು ಹೆಚ್ಚು ಮಾಡಿದೆ. ಗ್ರಾಫ್ ಅಲ್ಲಾಡಲಿಲ್ಲ.

ಬೆಳಗಿನ ಜಾವ ಮೂರೂವರೆಗೆ ಬೇರೆ ದಾರಿಯಿಲ್ಲದೆ ತಂಡದ ಹಿರಿಯ ಸಹೋದ್ಯೋಗಿಯನ್ನು ಫೋನ್ ಮಾಡಿ ಎಬ್ಬಿಸಿದೆ. ಅವರು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದರು. "ಸ್ಟೋರೇಜ್ ಸತ್ತಿದೆ ಅಂತ ನಿಂಗೆ ಹೇಳಿದ್ದು ಯಾರು?"

ಯಾರೂ ಹೇಳಿರಲಿಲ್ಲ!

ಆಗಿದ್ದು ಏನು ಅಂತ ತಾಲ್ಲೂಕು ಕಚೇರಿಯ ಉದಾಹರಣೆಯಿಂದ ಹೇಳುತ್ತೇನೆ. ಈ ವರ್ಷದ ಕಾಗದ ಕೇಳಿದರೆ ಕಿಟಕಿಯ ಗುಮಾಸ್ತರು ಪಕ್ಕದ ಬೀರುವಿನಿಂದಲೇ ತೆಗೆದು ಕೊಡುತ್ತಾರೆ. ಇಪ್ಪತ್ತು ವರ್ಷದ ಹಿಂದಿನದು ಕೇಳಿದರೆ ಹಿಂದಿನ ರೆಕಾರ್ಡ್ ರೂಮಿಗೆ ಅಟೆಂಡರನ್ನು ಕಳಿಸಬೇಕು. ಅಟೆಂಡರ್ ಹೋಗಿ, ಧೂಳು ಕೊಡವಿ, ಸರಿಯಾದ ಕಟ್ಟನ್ನೇ ಎತ್ತಿಕೊಂಡು ಅರ್ಧ ದಾರಿ ಬಂದಿರುತ್ತಾನೆ. ಅಷ್ಟರಲ್ಲಿ ಗುಮಾಸ್ತರು ಗಡಿಯಾರ ನೋಡಿ "ಏನೂ ಇಲ್ಲಪ್ಪ, ಮತ್ತೆ ಬಾ" ಅಂತ ಕಿಟಕಿಯವನನ್ನು ಕಳಿಸುತ್ತಾರೆ, ಅಟೆಂಡರನ್ನೂ ವಾಪಸು ಕರೆಯುತ್ತಾರೆ. ಅವನು ಕಟ್ಟನ್ನು ಇದ್ದಲ್ಲೇ ಇಟ್ಟು ಬರುತ್ತಾನೆ. ಕಿಟಕಿಯವನು ಆ ಕ್ಷಣವೇ ಮತ್ತೆ ಅದನ್ನೇ ಕೇಳುತ್ತಾನೆ. ಅಟೆಂಡರ್ ಮತ್ತೆ ಮೊದಲಿನಿಂದ ಹೊರಡುತ್ತಾನೆ. ಬೆಳಗಾದರೂ ಇದೇ. ಯಾರೂ ಸೋಮಾರಿಗಳಲ್ಲ, ಎಲ್ಲರೂ ಬೆವರು ಸುರಿಸುತ್ತಿದ್ದಾರೆ, ಕೆಲಸ ಮಾತ್ರ ಒಂದಿಂಚೂ ಮುಂದೆ ಹೋಗುತ್ತಿಲ್ಲ. ನಾನು ಮಾಡಿದ ಉಪಕಾರ ಅಂದರೆ ಕಿಟಕಿಯ ಮುಂದೆ ಇನ್ನೂ ನಾಲ್ಕು ಪಟ್ಟು ಜನರನ್ನು ತಂದು ನಿಲ್ಲಿಸಿದ್ದು.

ಗುಮಾಸ್ತರ ಗಡಿಯಾರದಲ್ಲಿ ಇದ್ದದ್ದು 200 ಮಿಲಿಸೆಕೆಂಡ್. ಆ ರಾತ್ರಿ ಸ್ಟೋರೇಜ್ ಉತ್ತರ ಕೊಡಲು ತೆಗೆದುಕೊಳ್ಳುತ್ತಿದ್ದದ್ದು 300ರಿಂದ 400. ಸತ್ತಿರಲಿಲ್ಲ, ಸ್ವಲ್ಪ ನಿಧಾನವಾಗಿತ್ತು ಅಷ್ಟೆ. ಆ 200 ಬರೆದವನು ಯಾರು ಅಂತ ಹಳೇ ದಾಖಲೆ ತೆಗೆದು ನೋಡಿದರೆ... ನಾನೇ!

ಈ ಟೈಮ್‌ಔಟ್ ಅನ್ನುವುದರ ಚರಿತ್ರೆ ಹುಡುಕಲು ಕೂತದ್ದು ಆಮೇಲೆ, ನಾಚಿಕೆಯಿಂದ.

ಅಜ್ಜನ ಕಾಗದ

ಚರಿತ್ರೆಗೆ ಮುಂಚೆ ಅಜ್ಜ. ನಮ್ಮಜ್ಜ ಸಾಗರದ ಹತ್ತಿರದ ಹಳ್ಳಿಯಲ್ಲಿ, ದೊಡ್ಡಪ್ಪ ಕೆಲಸಕ್ಕೆ ಬೊಂಬಾಯಿಯಲ್ಲಿ. ಇದು ಎಪ್ಪತ್ತರ ದಶಕದ ಮಾತು, ನಾನು ಹುಟ್ಟುವ ಎಷ್ಟೋ ಮುಂಚೆ. ಅಪ್ಪ ಹೇಳುವ ಪ್ರಕಾರ ಕಾಗದ ಹಾಕಿ ಹನ್ನೆರಡು ದಿನಕ್ಕೆ ಉತ್ತರ ಬರದಿದ್ದರೆ ಅಜ್ಜ ಇನ್ನೊಂದು ಕಾಗದ ಬರೆಯುತ್ತಿದ್ದ. ಮಳೆಗಾಲದಲ್ಲಿ ಮಾತ್ರ ಇಪ್ಪತ್ತು ದಿನ ನೋಡುತ್ತಿದ್ದ. ಹೊಳೆ ಬಂದರೆ ಅಂಚೆಯಣ್ಣ ಯಾವಾಗ ಬರುತ್ತಾನೋ ಹೇಳಲಾಗದಲ್ಲ. ದೊಡ್ಡಪ್ಪ ಬರೆದ ಕಾಗದಗಳು ಈಗಲೂ ಅಟ್ಟದ ಮೇಲಿನ ಟ್ರಂಕಿನಲ್ಲಿವೆ. ಎಲ್ಲದರ ಮೊದಲ ಸಾಲೂ ಒಂದೇ ಥರ: ನೀವು ಇಂಥ ತಾರೀಖಿನಂದು ಬರೆದ ಕಾಗದ ತಲುಪಿ ವಿಷಯ ತಿಳಿಯಿತು. ಹಳೆಯ ಕಾಗದ ನೋಡಿದವರಿಗೆಲ್ಲ ಈ ಸಾಲು ಗೊತ್ತು. ಬರೀ ಶಿಷ್ಟಾಚಾರ ಅಂದುಕೊಂಡಿದ್ದೆ. ಅದು ಎಂಥಾ ಎಂಜಿನಿಯರಿಂಗ್ ಅಂತ ಮುಂದೆ ನೋಡಿ.

1986ರ ಅಕ್ಟೋಬರ್

ಅಂತರಜಾಲದಲ್ಲಿ ಮಾಹಿತಿ ಪ್ಯಾಕೆಟ್ ಎಂಬ ಚೂರುಗಳಾಗಿ ಹೋಗುತ್ತದೆ. ತಲುಪಿತು ಅಂತ ಆಚೆಯಿಂದ ರಸೀದಿ ಬರಬೇಕು. ಬರದಿದ್ದರೆ ಮತ್ತೆ ಕಳಿಸಬೇಕು. ಎಷ್ಟು ಹೊತ್ತು ಕಾದು? 1981ರಲ್ಲಿ ಪ್ರಕಟವಾದ ಟಿಸಿಪಿಯ ನಿಯಮಾವಳಿಯಲ್ಲಿ ಇದಕ್ಕೊಂದು ಸೂತ್ರವಿತ್ತು. ಹೋಗಿಬರುವ ಸಮಯದ ಸರಾಸರಿ ತೆಗೆಯುತ್ತಾ ಇರು, ಅದರ 1.3ರಿಂದ 2 ಪಟ್ಟು ಕಾಯಿ, ಬರದಿದ್ದರೆ ಮತ್ತೆ ಕಳಿಸು. ಕೇಳಲು ನ್ಯಾಯವಾಗಿಯೇ ಇದೆ. ಫೋರ್ಡ್ ಏರೋಸ್ಪೇಸ್‌ನಲ್ಲಿದ್ದ ಜಾನ್ ನೇಗಲ್ ಮಾತ್ರ 1984ರಲ್ಲೇ, ದಟ್ಟಣೆ ಹೆಚ್ಚಾದರೆ ಇಂಥ ಜಾಲ ಕುಸಿದುಬೀಳಬಹುದು ಅಂತ ಎಚ್ಚರಿಸಿದ್ದರು.

1986ರ ಅಕ್ಟೋಬರಿನಲ್ಲಿ ಅದು ನಿಜವಾಗಿಯೇಬಿಟ್ಟಿತು. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ ಇದ್ದದ್ದು ಬರೀ 400 ಗಜ. ಸೆಕೆಂಡಿಗೆ 32,000 ಬಿಟ್ ಹೋಗುತ್ತಿದ್ದ ಆ ದಾರಿಯಲ್ಲಿ ವೇಗ 40 ಬಿಟ್‌ಗೆ ಇಳಿಯಿತು. ಅಂದರೆ ಸೆಕೆಂಡಿಗೆ ಐದು ಅಕ್ಷರ. ಕೈಯಲ್ಲಿ ಬರೆದುಕೊಂಡು ನಡೆದು ಹೋಗಿ ಕೊಟ್ಟಿದ್ದರೆ ಬೇಗ ಆಗುತ್ತಿತ್ತೇನೋ!

ಪ್ರಯೋಗಾಲಯದ ವ್ಯಾನ್ ಜೇಕಬ್ಸನ್ ಮತ್ತು ವಿಶ್ವವಿದ್ಯಾಲಯದ ಮೈಕ್ ಕ್ಯಾರೆಲ್ಸ್ ಇದರ ಹಿಂದೆ ಬಿದ್ದರು. 1988ರಲ್ಲಿ ಬಂದ ಜೇಕಬ್ಸನ್ ಪ್ರಬಂಧ ಈಗಲೂ ಓದಲು ಸೊಗಸು. ಅವರು ಕಂಡ ದೋಷಗಳಲ್ಲಿ ಒಂದು ಈ ಸೂತ್ರದ್ದು. ಸರಾಸರಿ ಮಾತ್ರ ನೋಡಿದರೆ ಸಾಲದು, ಸಮಯ ಎಷ್ಟು ಏರುಪೇರಾಗುತ್ತದೆ ಅನ್ನುವುದನ್ನೂ ಅಳೆಯಬೇಕು. ದಾರಿಯಲ್ಲಿ ದಟ್ಟಣೆ ಹೆಚ್ಚಿದಂತೆ ಆ ಏರುಪೇರೂ ಜೋರಾಗಿ ಬೆಳೆಯುತ್ತದೆ. ಹಳೆಯ ಸೂತ್ರದಲ್ಲಿ ಎರಡು ಪಟ್ಟು ಕಾದರೂ ಜಾಲದ ಮೇಲಿನ ಹೊರೆ 30 ಶೇಕಡಾ ದಾಟಿದರೆ ಲೆಕ್ಕ ತಪ್ಪುತ್ತದೆ ಅಂತ ಅವರು ತೋರಿಸಿದರು. ಆಗ ಏನಾಗುತ್ತದೆ? ಕಳೆದುಹೋಗದ, ಬರೀ ತಡವಾದ ಪ್ಯಾಕೆಟ್ಟನ್ನೇ ಮತ್ತೆ ಕಳಿಸುತ್ತೇವೆ. ದಟ್ಟಣೆ ಇನ್ನೂ ಹೆಚ್ಚುತ್ತದೆ. ಇನ್ನೂ ತಡ, ಇನ್ನೂ ಮರುಕಳಿಕೆ. ಉರಿಯುವ ಬೆಂಕಿಗೆ ತುಪ್ಪ. ಮಳೆಗಾಲಕ್ಕೆ ಇಪ್ಪತ್ತು ದಿನ ಅಂತಿದ್ದ ಅಜ್ಜನಿಗೆ ಈ ಏರುಪೇರಿನ ಪಾಠ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಇನ್ನೊಂದು ತೊಡಕು ಇನ್ನೂ ಸೂಕ್ಷ್ಮ. ಒಂದೇ ಪ್ಯಾಕೆಟ್ಟನ್ನು ಎರಡು ಸಲ ಕಳಿಸಿದ್ದೀರಿ, ಒಂದು ರಸೀದಿ ಬಂತು. ಅದು ಯಾವುದಕ್ಕೆ ಬಂದದ್ದು? ಮೊದಲನೆಯದಕ್ಕೆ ಆಗಿದ್ದರೆ ದಾರಿ ನಿಧಾನ, ಎರಡನೆಯದಕ್ಕೆ ಆಗಿದ್ದರೆ ದಾರಿ ಚುರುಕು. ತಪ್ಪು ಊಹಿಸಿದರೆ ಅಳತೆಯೇ ಕೆಡುತ್ತದೆ. ಹವ್ಯಾಸಿ ರೇಡಿಯೋದಲ್ಲಿ ಪ್ಯಾಕೆಟ್ ಕಳಿಸುವ ಹುಚ್ಚು ಹಚ್ಚಿಕೊಂಡಿದ್ದ ಫಿಲ್ ಕಾರ್ನ್ ಮತ್ತು ಅವರ ಜೊತೆಗೆ ಕ್ರೇಗ್ ಪಾರ್ಟ್ರಿಜ್ 1987ರಲ್ಲಿ ಇದಕ್ಕೆ ಸರಳ ಉತ್ತರ ಕೊಟ್ಟರು. ಎರಡು ಸಲ ಕಳಿಸಿದ್ದರ ಸಮಯವನ್ನು ಲೆಕ್ಕಕ್ಕೇ ಹಿಡಿಯಬೇಡಿ. ಮತ್ತು ಒಮ್ಮೆ ಹಿಗ್ಗಿಸಿದ ಕಾಯುವಿಕೆಯನ್ನು, ಒಂದೇ ಸಲ ಕಳಿಸಿದ ಪ್ಯಾಕೆಟ್ಟಿಗೆ ರಸೀದಿ ಬರುವ ತನಕ ಕುಗ್ಗಿಸಬೇಡಿ. 1992ರಲ್ಲಿ ಇನ್ನೂ ಒಳ್ಳೆಯ ಉಪಾಯ ಬಂತು. ಕಳಿಸುವಾಗಲೇ ಪ್ಯಾಕೆಟ್ ಮೇಲೆ ಸಮಯ ಬರೆಯುವುದು, ರಸೀದಿಯಲ್ಲಿ ಆಚೆಯವನು ಆ ಸಮಯವನ್ನೇ ತಿರುಗಿ ಬರೆಯುವುದು. 'ನೀವು ಇಂಥ ತಾರೀಖಿನಂದು ಬರೆದ ಕಾಗದ ತಲುಪಿ ವಿಷಯ ತಿಳಿಯಿತು'. ನೋಡಿದಿರಾ?

ಎರಡು ಮನಿಯಾರ್ಡರ್

ಪ್ಯಾಕೆಟ್ಟಿನ ಮಾತು ಇಷ್ಟು. ಆದರೆ ದೂರದಲ್ಲಿರುವ ಡಿಸ್ಕಿನಿಂದ ಏನಾದರೂ ಕೇಳಿದರೆ ಕಥೆ ಬೇರೆ. ಅಲ್ಲಿ ಆಚೆಯವನು ಬರೀ ರಸೀದಿ ಕೊಡುವುದಿಲ್ಲ, ಕೆಲಸ ಮಾಡುತ್ತಾನೆ. ಮತ್ತೆ ಕೇಳಿದರೆ ಮತ್ತೆ ಮಾಡುತ್ತಾನೆ.

ಸನ್ ಕಂಪನಿಯ ಎನ್‌ಎಫ್‌ಎಸ್ 1985ರಲ್ಲಿ ಬಂತು. ಬೇರೆ ಕಂಪ್ಯೂಟರಿನ ಫೈಲನ್ನು ನಮ್ಮದೇ ಡಿಸ್ಕಿನಲ್ಲಿದ್ದಂತೆ ತೆರೆಯುವ ವ್ಯವಸ್ಥೆ ಅದು. ಕೇಳಿದ್ದಕ್ಕೆ 0.7 ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಮತ್ತೆ ಕೇಳು, ಪ್ರತಿ ಸಲವೂ ಕಾಯುವಿಕೆಯನ್ನು ಎರಡು ಪಟ್ಟು ಮಾಡು ಅನ್ನುವುದು ಬಹಳ ಕಾಲ ಅದರ ರೂಢಿಯಾಗಿತ್ತು. ಬಳಸುವವರ ಮುಂದೆ ಎರಡು ಆಯ್ಕೆ. 'ಸಾಫ್ಟ್' ಅಂದರೆ ಕೆಲವು ಸಲ ಕೇಳಿ ಕೈಬಿಡುವುದು, ಪ್ರೋಗ್ರಾಮಿಗೆ ಎರರ್ ಕೊಡುವುದು. 'ಹಾರ್ಡ್' ಅಂದರೆ ಸರ್ವರ್ ಉತ್ತರಿಸುವ ತನಕ ಬಿಡದೆ ಕೇಳುವುದು. ಹಾರ್ಡ್ ಇಟ್ಟವರ ಪರದೆಯ ಮೇಲೆ 'ಸರ್ವರ್ ಉತ್ತರಿಸುತ್ತಿಲ್ಲ, ಇನ್ನೂ ಪ್ರಯತ್ನಿಸುತ್ತಿದ್ದೇನೆ' ಎಂಬ ಅರ್ಥದ ಸಾಲು ಬಂದು ಕೂರುತ್ತಿತ್ತು. ಬೈಸಿಕೊಂಡ ಸಾಲು ಅದು. ನನಗೆ ಈಗ ಅದರ ಮೇಲೆ ಗೌರವ ಬಂದಿದೆ. 'ಇಲ್ಲ' ಅನ್ನುವುದಕ್ಕೂ 'ಇನ್ನೂ ಸಿಕ್ಕಿಲ್ಲ' ಅನ್ನುವುದಕ್ಕೂ ಇರುವ ವ್ಯತ್ಯಾಸವನ್ನು ಅದು ಮುಚ್ಚಿಡಲಿಲ್ಲ.

ಮರುಕೇಳಿಕೆಗೆ ಇನ್ನೊಂದು ಅಪಾಯವಿತ್ತು. ಫೈಲ್ ಓದುವುದನ್ನು ಹತ್ತು ಸಲ ಮಾಡಿದರೂ ತೊಂದರೆಯಿಲ್ಲ. ಫೈಲ್ ಅಳಿಸುವುದು? ಮೊದಲ ಕೇಳಿಕೆಗೆ ಸರ್ವರ್ ಅಳಿಸಿಬಿಟ್ಟಿದೆ, ಉತ್ತರ ತಡವಾಗಿದೆ. ಎರಡನೆಯ ಕೇಳಿಕೆಗೆ 'ಅಂಥ ಫೈಲೇ ಇಲ್ಲ' ಅನ್ನುತ್ತದೆ. ಕೆಲಸ ಆಗಿದೆ, ಕೇಳಿದವನಿಗೆ ಮಾತ್ರ ಸೋತೆ ಅನ್ನಿಸುತ್ತದೆ. ನಮ್ಮಜ್ಜನ ಮನೆಯಲ್ಲಿ ಇದೂ ಆಗಿದೆ. ಮಾಡಿಗೆ ಹಂಚು ಹೊದಿಸಲು ಹಣ ಕೇಳಿ ಬರೆದ ಕಾಗದಕ್ಕೆ ಉತ್ತರ ಬರಲಿಲ್ಲ ಅಂತ ಅಜ್ಜ ಮತ್ತೆ ಬರೆದ. ದೊಡ್ಡಪ್ಪ ಎರಡಕ್ಕೂ ಮನಿಯಾರ್ಡರ್ ಮಾಡಿದರು. ಹೆಚ್ಚಿನ ಹಣದಲ್ಲಿ ಕೊಟ್ಟಿಗೆಗೂ ಹಂಚು ಬಂತು ಅಂತ ಅಪ್ಪ ನಗುತ್ತಾರೆ. ಬೊಂಬಾಯಿಯಲ್ಲಿ ದೊಡ್ಡಪ್ಪ ಆ ತಿಂಗಳು ಹೇಗೆ ಕಳೆದರೋ, ಅದನ್ನು ಯಾರೂ ಕೇಳಲಿಲ್ಲ.

1989ರಲ್ಲಿ ಡಿಇಸಿ ಕಂಪನಿಯ ಚೆಟ್ ಯುಸ್ಚಾಕ್ ಇದಕ್ಕೆ ಪರಿಹಾರ ಬರೆದರು. ಸರ್ವರ್ ತಾನು ಈಚೆಗೆ ಮಾಡಿದ ಕೆಲಸಗಳ ಒಂದು ಪುಟ್ಟ ಪಟ್ಟಿ ಇಟ್ಟುಕೊಳ್ಳಬೇಕು. ಅದೇ ಕೇಳಿಕೆ ಮತ್ತೆ ಬಂದರೆ ಮೊದಲು ಪಟ್ಟಿ ನೋಡಬೇಕು. ಮುಗಿಸಿದ ಕೆಲಸವಾದರೆ ಮತ್ತೆ ಮಾಡುವ ಹಾಗಿಲ್ಲ. ನನ್ನ ಕಣ್ಣು ನಿಂತದ್ದು ಇನ್ನೊಂದು ನಿಯಮದ ಮೇಲೆ: ಆ ಕೆಲಸ ಇನ್ನೂ ನಡೆಯುತ್ತಿದ್ದರೆ ಹೊಸ ಕೇಳಿಕೆಯನ್ನು ಪಕ್ಕಕ್ಕೆ ಹಾಕಿ, ನಡೆಯುತ್ತಿರುವುದನ್ನು ಮುಗಿಸಬೇಕು. ಕಟ್ಟು ಎತ್ತಿಕೊಂಡು ಅರ್ಧ ದಾರಿ ಬಂದ ಅಟೆಂಡರನ್ನು ವಾಪಸು ಕಳಿಸಬೇಡಿ ಅಂತ 1989ರಲ್ಲೇ ಬರೆದಿಟ್ಟಿದ್ದಾರೆ!

ಇದೇ ಕಾಲದಲ್ಲಿ, 1985ರಲ್ಲಿ, ಫಿಷರ್, ಲಿಂಚ್ ಮತ್ತು ಪ್ಯಾಟರ್ಸನ್ ಎಂಬ ಮೂವರು ಗಣಿತದಿಂದ ಒಂದು ವಿಷಯ ಸಾಧಿಸಿದ್ದರು. ಸಂದೇಶ ಎಷ್ಟು ತಡವಾಗಬಹುದು ಅನ್ನುವುದಕ್ಕೆ ಮಿತಿಯೇ ಇಲ್ಲದಿದ್ದರೆ, ಒಂದೇ ಒಂದು ಯಂತ್ರ ಕೆಡುವ ಸಾಧ್ಯತೆ ಇದ್ದರೂ ಸಾಕು, ಉಳಿದವು ಖಂಡಿತವಾಗಿ ಒಮ್ಮತಕ್ಕೆ ಬಂದೇ ಬರುತ್ತವೆ ಅನ್ನುವಂಥ ನಿಶ್ಚಿತ ವಿಧಾನ ಇಲ್ಲ. ಇದರ ಬೇರು ತೀರಾ ಸಾದಾ. ಸತ್ತವನೂ ಉತ್ತರ ಕೊಡುವುದಿಲ್ಲ, ನಿಧಾನಿಯೂ ಸದ್ಯಕ್ಕೆ ಉತ್ತರ ಕೊಡುವುದಿಲ್ಲ. ದೂರದಿಂದ ನೋಡುವವನಿಗೆ ಎರಡೂ ಒಂದೇ. ನನ್ನ ಸಹೋದ್ಯೋಗಿ ಮೂರೂವರೆಗೆ ನಿದ್ದೆಗಣ್ಣಲ್ಲಿ ಕೇಳಿದ್ದೂ ಇದನ್ನೇ.

ತ್ರಿಶಂಕು ಸ್ವರ್ಗ

ಈಗ ಕಾಫ್ಕಾ. ಲಿಂಕ್ಡ್‌ಇನ್‌ನಲ್ಲಿ ಹುಟ್ಟಿ 2011ರಲ್ಲಿ ಎಲ್ಲರಿಗೂ ಮುಕ್ತವಾದ ತಂತ್ರಾಂಶ. ಅದರ ವೇಗದ ಗುಟ್ಟು ಸರಳತೆ. ಬಂದ ಸಂದೇಶವನ್ನು ತನ್ನದೇ ಡಿಸ್ಕಿನ ಕಡತದ ಕೊನೆಗೆ ಬರೆಯುವುದು, ಕೇಳಿದವರಿಗೆ ಅಲ್ಲಿಂದಲೇ ಎತ್ತಿ ಕೊಡುವುದು. ಓದುವವನು ಕೇಳಿದಾಗ ಸಾಕಷ್ಟು ಹೊಸ ಸಂದೇಶ ಇಲ್ಲದಿದ್ದರೆ ಕಾಫ್ಕಾ ಕೂಡಲೇ ಇಲ್ಲ ಅನ್ನುವುದಿಲ್ಲ. ಕೇಳಿಕೆಯನ್ನು ಸ್ವಲ್ಪ ಹೊತ್ತು ಹಿಡಿದಿಡುತ್ತದೆ. ತಾನಾಗಿ ಬದಲಿಸದಿದ್ದರೆ ಆ ಹೊತ್ತು 500 ಮಿಲಿಸೆಕೆಂಡ್. ಹೀಗೆ ಕೇಳಿಕೆಗಳು ನೇತಾಡುವ ಜಾಗಕ್ಕೆ ಅವರು ಇಟ್ಟ ಹೆಸರು ಪರ್ಗೆಟರಿ, ಕ್ರೈಸ್ತರಲ್ಲಿ ಸ್ವರ್ಗಕ್ಕೆ ಹೋಗುವ ಮುಂಚೆ ಆತ್ಮಗಳು ಕಾಯುವ ಲೋಕ. ನಮ್ಮವರು ಬರೆದಿದ್ದರೆ ತ್ರಿಶಂಕು ಸ್ವರ್ಗ ಅಂತಿಡುತ್ತಿದ್ದರು. ಸಾವಿರಗಟ್ಟಲೆ ಕೇಳಿಕೆಗಳ ಗಡುವನ್ನು ಒಟ್ಟಿಗೆ ನೋಡಿಕೊಳ್ಳಲು ಅಲ್ಲಿ ಬಳಸುವುದು ಗಡಿಯಾರದ ಮುಳ್ಳಿನ ಹಾಗೆ ತಿರುಗುವ 'ಟೈಮಿಂಗ್ ವೀಲ್'. ಜಾರ್ಜ್ ವರ್ಗೀಸ್ ಮತ್ತು ಟೋನಿ ಲಾಕ್ 1987ರಲ್ಲಿ ಪ್ರಕಟಿಸಿದ ಉಪಾಯ ಅದು.

ಡಿಸ್ಕ್ ದುಬಾರಿ, ಸಂದೇಶಗಳು ಬೆಟ್ಟದಷ್ಟು. 2006ರಲ್ಲಿ ಅಮೆಜಾನಿನ ಎಸ್‌3 ಬಂದ ಮೇಲೆ ದೂರದ ಅಗ್ಗದ ಸ್ಟೋರೇಜ್ ಎಲ್ಲರ ಕೈಗೆ ಸಿಕ್ಕಿತ್ತು. ಹಳೆಯ ಸಂದೇಶಗಳನ್ನು ಅಂಥ ಜಾಗಕ್ಕೆ ಸಾಗಿಸುವ ಸೌಲಭ್ಯ ಕಾಫ್ಕಾಗೆ 2023ರ ಅಕ್ಟೋಬರಿನಲ್ಲಿ ಪರೀಕ್ಷೆಯ ಮಟ್ಟದಲ್ಲಿ ಬಂತು, 2024ರ ನವೆಂಬರಿನಲ್ಲಿ ಪೂರ್ತಿ ಬಳಕೆಗೆ ಸಿದ್ಧ ಅನ್ನಿಸಿಕೊಂಡಿತು. ಓದುವವನಿಗೆ ವ್ಯತ್ಯಾಸವೇ ಗೊತ್ತಾಗಬಾರದು, ಹಳೆಯದಾದರೂ ಹೊಸದಾದರೂ ಒಂದೇ ರೀತಿ ಕೇಳಬೇಕು ಅನ್ನುವುದು ಆಸೆ.

ಎಡವಟ್ಟು ಇದ್ದದ್ದು ಆ ಆಸೆಯಲ್ಲೇ. 500 ಮಿಲಿಸೆಕೆಂಡಿನ ಮೂಲ ಅರ್ಥ 'ಹೊಸ ಸಂದೇಶ ಬರುತ್ತದೇನೋ ನೋಡುತ್ತೇನೆ' ಅಂತ. ಬರದಿದ್ದರೆ ಖಾಲಿ ಉತ್ತರವೇ ಸತ್ಯ. ಮೊದಮೊದಲು ಅದೇ ಸಂಖ್ಯೆಯನ್ನು 'ಹಳೆಯ ಸಂದೇಶ ದೂರದಿಂದ ತರಿಸುತ್ತಿದ್ದೇನೆ' ಅನ್ನುವುದಕ್ಕೂ ಬಳಸಿದರು. ಇಲ್ಲಿ ಖಾಲಿ ಉತ್ತರ ಸುಳ್ಳು. ಸಂದೇಶ ಇದೆ, ದಾರಿಯಲ್ಲಿದೆ. ಗಡುವು ಮುಗಿದರೆ ತರುವ ಕೆಲಸವನ್ನೇ ರದ್ದು ಮಾಡುತ್ತಿದ್ದರು, ಓದುವವನು ಅದೇ ಜಾಗದಿಂದ ಮತ್ತೆ ಕೇಳುತ್ತಿದ್ದ. ಇದನ್ನು ಗಮನಿಸಿ 2024ರಲ್ಲಿ ಎರಡು ಕಾಯುವಿಕೆಗೂ ಬೇರೆ ಬೇರೆ ಸಂಖ್ಯೆ ಕೊಟ್ಟರು. ಒಂದು ಓದುವವನ ಕೈಯಲ್ಲಿ, ಇನ್ನೊಂದು ಸರ್ವರ್ ನಡೆಸುವವನ ಕೈಯಲ್ಲಿ.

ನಾವು ಆ ರಾತ್ರಿ ಬಳಸುತ್ತಿದ್ದದ್ದು ಅದಕ್ಕೂ ಹಿಂದಿನ ಆವೃತ್ತಿ. ಹೊಸದಕ್ಕೆ ಏರುವ ಕೆಲಸ ನನ್ನ ಪಟ್ಟಿಯಲ್ಲೇ ಎಷ್ಟೋ ದಿನದಿಂದ ಕೊಳೆಯುತ್ತಿತ್ತು. ಸಂದೇಶಗಳ ಗುಂಪು ತುಂಬಲು ಅರ್ಧ ಸೆಕೆಂಡು ಕಾಯುವುದೇಕೆ ಅಂತ 500 ಇದ್ದದ್ದನ್ನು 200 ಮಾಡಿದ್ದೂ ನಾನೇ. ಆಗ ನಮ್ಮ ಸಂದೇಶಗಳೆಲ್ಲ ಹತ್ತಿರದ ಡಿಸ್ಕಿನಲ್ಲಿದ್ದವು, ಯಾರಿಗೂ ಏನೂ ಆಗಲಿಲ್ಲ. ಆಮೇಲೆ ಸಂದೇಶಗಳು ದೂರ ಹೋದವು, ಸಂಖ್ಯೆ ಹಾಗೆಯೇ ಉಳಿಯಿತು.

ಪರಿಹಾರ ಹತ್ತು ನಿಮಿಷದ್ದು. ಮರುಲೆಕ್ಕದ ಪ್ರೋಗ್ರಾಮಿಗೆ ಮಾತ್ರ 200ನ್ನು 5000 ಮಾಡಿದೆ, ಹೆಚ್ಚು ಮಾಡಿದ್ದ ಓದುವವರನ್ನು ಮೊದಲಿನಷ್ಟಕ್ಕೇ ಇಳಿಸಿದೆ. ಗ್ರಾಫ್ ಏಳತೊಡಗಿತು. ಆದರೆ ಐದು ಗಂಟೆ ಹಾಳಾಗಿತ್ತು. ಬೆಳಿಗ್ಗೆ ಹಾಕಬೇಕಿದ್ದ ಹಣ ಹೋದದ್ದು ಮಧ್ಯಾಹ್ನ ಎರಡಕ್ಕೆ.

ಸೋಮವಾರ ಸಹಾಯವಾಣಿಯ ದಾಖಲೆ ನೋಡುತ್ತಿದ್ದೆ. ಒಬ್ಬ ಹುಡುಗ ಶನಿವಾರ ಬೆಳಿಗ್ಗೆ ಮೂರು ಸಲ ಫೋನ್ ಮಾಡಿದ್ದ. ಮಳೆಯ ಹಣ ಬರುತ್ತದೋ ಇಲ್ಲವೋ ಅಂತ. ಮೂರು ಸಲವೂ ನಮ್ಮವರು ಪರದೆ ನೋಡಿ ಒಂದೇ ಉತ್ತರ ಕೊಟ್ಟಿದ್ದರು: ನಿಮ್ಮ ಹೆಸರಿನಲ್ಲಿ ಯಾವ ಬಾಕಿಯೂ ಕಾಣಿಸುತ್ತಿಲ್ಲ. ಅವರ ತಪ್ಪಲ್ಲ. ಅವರ ಪರದೆಯಲ್ಲಿ 'ಇಲ್ಲ' ಅನ್ನಲು ಜಾಗವಿತ್ತು, 'ಇನ್ನೂ ಲೆಕ್ಕ ನಡೆಯುತ್ತಿದೆ' ಅನ್ನಲು ಜಾಗವಿರಲಿಲ್ಲ. ನಾನು ರಾತ್ರಿಯಿಡೀ ಕಾಫ್ಕಾದಿಂದ ಪಡೆದ ಖಾಲಿ ಉತ್ತರವನ್ನೇ ಅವನು ನಮ್ಮಿಂದ ಪಡೆದಿದ್ದ.

ಈಗ ಹೊಸ ಆವೃತ್ತಿಗೆ ಏರಿದ್ದೇವೆ. ಪ್ರತಿ ಟೈಮ್‌ಔಟಿನ ಪಕ್ಕದಲ್ಲೂ ಅದು ಯಾರಿಗಾಗಿ, ಯಾವುದಕ್ಕಾಗಿ ಕಾಯುವುದು ಅಂತ ಒಂದು ಸಾಲು ಬರೆಯುವ ರೂಢಿ ಮಾಡಿಕೊಂಡಿದ್ದೇನೆ. ಸಹಾಯವಾಣಿಯ ಪರದೆಗೆ 'ಲೆಕ್ಕ ನಡೆಯುತ್ತಿದೆ' ಎಂಬ ಸಾಲೂ ಸೇರಿದೆ. ಎಲ್ಲದರಲ್ಲೂ ಅದನ್ನು ಸೇರಿಸಲು ಹಿಡಿದದ್ದೇ ಅತಿ ಕಡಿಮೆ ಸಮಯ, ಅರ್ಧ ದಿನ.

ಟೈಮ್‌ಔಟ್ ಆಚೆಯವನ ಸುದ್ದಿ ಹೇಳುವುದಿಲ್ಲ, ನಮ್ಮ ತಾಳ್ಮೆ ಎಲ್ಲಿಗೆ ಮುಗಿಯಿತು ಅಂತ ಮಾತ್ರ ಹೇಳುತ್ತದೆ. ನಲವತ್ತು ವರ್ಷದ ಚರಿತ್ರೆ ಓದಿ ನನಗೆ ದಕ್ಕಿದ್ದು ಇಷ್ಟು. ಊರಿಗೆ ಹೋದಾಗ ಟ್ರಂಕು ಇಳಿಸಿ ಆ ಹಂಚಿನ ತಿಂಗಳ ಕಾಗದ ಹುಡುಕಬೇಕು ಅಂತಿದ್ದೇನೆ. ದೊಡ್ಡಪ್ಪ ಯಾವ ತಾರೀಖಿನ ಕಾಗದ ತಲುಪಿತು ಅಂತ ಬರೆದಿದ್ದಾರೋ ನೋಡಬೇಕು. ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಕಾಗದಗಳಿದ್ದರೆ ಮೊದಲ ಸಾಲು ಏನಿದೆ ಅಂತ ನೋಡಿ ಹೇಳುತ್ತೀರಾ? ಉತ್ತರ ತಡವಾದರೂ ಪರವಾಗಿಲ್ಲ, ಕಾಯುತ್ತೇನೆ.